ಸಕ್ಕರೆ ಅಚ್ಚಿನ ಮೇಲೆ ಯಾರ ಹೆಸರು?

ಸಂಕ್ರಾಂತಿಯ ತಟ್ಟೆಯಲ್ಲಿ ಎಳ್ಳು-ಬೆಲ್ಲ, ಕಬ್ಬು, ಬಾಳೆಹಣ್ಣಿನ ಜೊತೆ ಒಂದು ಬಿಳಿ ಗಿಳಿಯೋ ಮೀನೋ ಕೂತಿರುತ್ತದಲ್ಲ, ಮಕ್ಕಳ ಕಣ್ಣು ಮೊದಲು ಹೋಗುವುದು ಅದರ ಮೇಲೇ. ಹಳೇ ಮೈಸೂರು ಕಡೆಯವರು ಅದನ್ನು ಸಕ್ಕರೆ ಅಚ್ಚು ಎನ್ನುತ್ತಾರೆ. ಉತ್ತರ ಕರ್ನಾಟಕದವರಿಗಾದರೆ ಸಕ್ಕರೆ ಗೊಂಬೆ ಎಂದೊಡನೆ ನೆನಪಾಗುವುದು ಕಾರ್ತಿಕ ಮಾಸದ ಗೌರಿ ಹುಣ್ಣಿಮೆ. ಆನೆ, ಕುದುರೆ, ಒಂಟೆ, ತೇರುಗಳ ಗೊಂಬೆಗಳನ್ನು ತಟ್ಟೆಯಲ್ಲಿಟ್ಟು ಹೆಣ್ಣುಮಕ್ಕಳು ಗೌರಿಗೆ ಆರತಿ ಬೆಳಗುತ್ತಾರೆ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯವರು ಸಕ್ಕರೆ ಆರತಿ ತರುವ ಪದ್ಧತಿಯೂ ಅಲ್ಲಿದೆ. (ಒಂಟೆ ನಮ್ಮ ಕುವೈತಿನ ಮಕ್ಕಳಿಗೆ ಹೊಸದಲ್ಲ. ಅದು ಊರಿನ ಆರತಿ ತಟ್ಟೆ ಹತ್ತಿದ್ದು ಹೇಗೆ ಎಂದು ಅಜ್ಜಿಯನ್ನು ಕೇಳಿ ನೋಡಿ!)

ಈಚೆಗೆ ಹಬ್ಬದ ಮೇಜಿನ ಮೇಲೆ ಮಕ್ಕಳ ಹೆಸರು ಬರೆದ ಬಿಸ್ಕತ್ತು, ಕೇಕಿನ ಮೇಲೆ ಸಕ್ಕರೆಯ ಗೊಂಬೆ ಇಡುವುದು ಹೆಚ್ಚಾಗಿದೆ. 'ಇದೆಲ್ಲ ಹೊರಗಿನ ಶೋಕಿ' ಎಂದು ಮನೆಯ ಹಿರಿಯರು ಗೊಣಗುವುದೂ ಉಂಟು. ಇತಿಹಾಸ ನೋಡಿದರೆ ಅಷ್ಟು ಸಲೀಸಾಗಿ ಹಾಗೆನ್ನಲು ಬರುವುದಿಲ್ಲ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಬ್ಬಿನ ಹಾಲಿನಿಂದಾಗುವ ಪದಾರ್ಥಗಳ ಒಂದು ಪಟ್ಟಿ ಇದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಫಾಣಿತವೆಂದರೆ ಗಟ್ಟಿಯಾಗಿ ಕಾಯಿಸಿದ ಕಬ್ಬಿನ ಪಾಕ, ಗುಡವೆಂದರೆ ಬೆಲ್ಲ. ಶರ್ಕರಾ ಎಂಬ ಮಾತು ನಮ್ಮಲ್ಲಿ ಸಕ್ಕರೆಯಾಯಿತು, ಪರ್ಷಿಯಾದಲ್ಲಿ ಶಕರ್ ಆಯಿತು, ಅರಬ್ಬಿಯಲ್ಲಿ ಸುಕ್ಕರ್ ಆಯಿತು. ಕುವೈತಿನವರು ಮನೆಮಾತಿನಲ್ಲಿ ಇಂದಿಗೂ 'ಶಕರ್' ಎಂದೇ ಹೇಳುತ್ತಾರೆ. ಅಂಗಡಿಯಲ್ಲಿ ಕಿವಿಗೊಟ್ಟು ಕೇಳಿ, ನಿಮ್ಮ ಅಡುಗೆಮನೆಯ ಪದದ ನೆಂಟನೇ ಅದು.

ಪದದ ಹಿಂದೆಯೇ ಕೈಕೆಲಸವೂ ಬೆಳೆಯಿತು. ನಾಸಿರ್ ಖುಸ್ರೋ ಎಂಬ ಪರ್ಷಿಯನ್ ಪ್ರವಾಸಿ 1049ರಲ್ಲಿ ಕೈರೋದಲ್ಲಿದ್ದ. ರಂಜಾನ್ ಮುಗಿದ ಹಬ್ಬಕ್ಕೆ ಅರಮನೆಯಲ್ಲಿ ಸಜ್ಜುಗೊಳಿಸಿದ್ದ ಔತಣದ ಸಾಲನ್ನು ಕಂಡು ಬರೆದಿಟ್ಟಿದ್ದಾನೆ: ಅಲ್ಲೊಂದು ಮಾದಲದ ಮರವಿತ್ತು, ಅದರ ಕೊಂಬೆ, ಎಲೆ, ಹಣ್ಣು ಎಲ್ಲವೂ ಸಕ್ಕರೆಯವು. ಜೊತೆಗೆ ಲೆಕ್ಕವಿಲ್ಲದಷ್ಟು ಸಕ್ಕರೆ ಗೊಂಬೆಗಳು. ಅರಬ್ಬರ ಜೊತೆ ಈ ವಿದ್ಯೆ ಸ್ಪೇನಿಗೂ, ಸ್ಪೇನಿನವರ ಜೊತೆ ಹಡಗು ಹತ್ತಿ ಮೆಕ್ಸಿಕೋಗೂ ಹೋಯಿತು. ಅಲ್ಲಿ ನವೆಂಬರ್ ಮೊದಲಲ್ಲಿ ಸತ್ತವರನ್ನು ನೆನೆಯುವ ಹಬ್ಬವಿದೆ. ಆಗ ಸಕ್ಕರೆಯ ಪುಟ್ಟ ತಲೆಬುರುಡೆ ಮಾಡಿ ಹಣೆಯ ಮೇಲೆ ಹೆಸರು ಬರೆಯುತ್ತಾರೆ. ಹೆದರಬೇಡಿ, ಬದುಕಿರುವ ಗೆಳೆಯರ ಹೆಸರು ಬರೆದು ಉಡುಗೊರೆ ಕೊಡುವುದೂ ಉಂಟು. ಆ ಸಕ್ಕರೆ ಕೆಲಸಕ್ಕೆ ಅಲ್ಲಿನ ಹೆಸರು ಅಲ್ಫೆನೀಕೆ. ಬಿಡಿಸಿ ನೋಡಿದರೆ ಅರಬ್ಬಿಯ 'ಫಾನೀದ್', ಅದರ ಹಿಂದೆ ಪರ್ಷಿಯನ್ನಿನ 'ಪಾನೀದ್', ಅದಕ್ಕೂ ಹಿಂದೆ ನಮ್ಮ ಫಾಣಿತ.

ಸಕ್ಕರೆಯ ಕಥೆಯೆಲ್ಲ ಸಿಹಿಯೇ ಅಲ್ಲ. ಯುರೋಪಿಗೆ ಸಕ್ಕರೆ ಅಗ್ಗವಾಗಿ ಸಿಕ್ಕಿದ್ದು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಕೆರಿಬಿಯನ್ ದ್ವೀಪಗಳ ಕಬ್ಬಿನ ಗದ್ದೆಗಳಲ್ಲಿ ಸವೆದದ್ದರಿಂದ. ನಮ್ಮಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆ ಶುರುವಾದದ್ದು 1933ರಲ್ಲಿ, ಕಾವೇರಿ ನಾಲೆಯ ನೀರು ಬಂದು ಕಬ್ಬು ಬೆಳೆದ ಮೇಲೆ.

ಹಾಗಾದರೆ ನಮ್ಮ ಅಚ್ಚಿನ ಮೇಲೆ ಹೆಸರೇಕಿಲ್ಲ? ನನಗನ್ನಿಸುವುದು, ಹೆಸರಿನ ಬದಲು ನಮ್ಮವರು ಅಳತೆ ಹಿಡಿದರು. ಕುಸುರೆಳ್ಳಿನ ಒಡವೆಗಳನ್ನೇ ನೋಡಿ. ಸಣ್ಣ ಉರಿಯ ಮೇಲೆ ಎಳ್ಳು ಹರಡಿ, ಚಮಚ ಚಮಚವಾಗಿ ಪಾಕ ಬಿಟ್ಟು, ಬೆರಳಲ್ಲಿ ಆಡಿಸುತ್ತ ಹೋದರೆ ಒಂದೊಂದು ಕಾಳಿನ ಸುತ್ತಲೂ ಮುಳ್ಳು ಮೂಡುತ್ತದೆ. ದಿನಗಟ್ಟಲೆಯ ಕೆಲಸ. ಅದನ್ನು ಪೋಣಿಸಿ ಹೊಸ ಸೊಸೆಗೆ, ಮೊದಲ ಸಂಕ್ರಾಂತಿಯ ಕೂಸಿಗೆ ಸರ, ಬಳೆ ಮಾಡುತ್ತಾರೆ. ಆ ಬಳೆ ಆ ಮಗುವಿನ ಕೈಗೇ ಸರಿ, ಮುಂದಿನ ವರ್ಷ ಅದೇ ಮಗುವಿಗೂ ಆಗದು.

ಅಚ್ಚಿನ ಕೆಲಸವೂ ಸುಲಭದ್ದಲ್ಲ. ಸಕ್ಕರೆ ಕರಗಿಸಿ ಕುದಿಸುವಾಗ ಸ್ವಲ್ಪ ಹಾಲು ಬಿಟ್ಟರೆ ಕೊಳೆ ನೊರೆಯಾಗಿ ಮೇಲೆ ಬರುತ್ತದೆ. ಬಟ್ಟೆಯಲ್ಲಿ ಸೋಸಿ, ಸ್ವಲ್ಪವೇ ಪಾಕವನ್ನು ಸಣ್ಣ ಪಾತ್ರೆಗೆ ತೆಗೆದುಕೊಂಡು ಮತ್ತೆ ಕಾಯಿಸಿ, ಹದ ಬಂದಾಗ ಸೌಟಿನಿಂದ ಬದಿಗೆ ತಿಕ್ಕಬೇಕು. ತಿಕ್ಕಿದಂತೆ ಸಣ್ಣ ಹರಳು ಕಟ್ಟಿ ಪಾಕ ಬೆಳ್ಳಗಾಗುತ್ತದೆ. ಆ ಗಳಿಗೆಯಲ್ಲೇ, ನೀರಲ್ಲಿ ನೆನೆಸಿ ದಾರ ಬಿಗಿದಿಟ್ಟ ಮರದ ಅಚ್ಚಿಗೆ ಹೊಯ್ಯಬೇಕು. ತಡವಾದರೆ ಪಾತ್ರೆಯಲ್ಲೇ ಕಲ್ಲು, ಅವಸರವಾದರೆ ಅಚ್ಚಿನೊಳಗೆ ಅಂಟು. ಕುದಿವ ಪಾಕ ನೀರಿಗಿಂತ ಹೆಚ್ಚು ಸುಡುತ್ತದೆ, ಹಾಗಾಗಿ ಅದು ದೊಡ್ಡವರ ಕೈಯಲ್ಲಿರಲಿ. ದಾರ ಬಿಚ್ಚುವ ಕೆಲಸ ಮಕ್ಕಳದು.

ಕಳೆದುಹೋಗುವ ಭಯವಿರುವುದು ಈ ಹದದ್ದೇ. ಶುಐಬಾದ ಕಾರ್ಖಾನೆಗಳಲ್ಲಿ, ಬಂದರಿನಲ್ಲಿ ದುಡಿಯುವ ನಮ್ಮವರು ಹಲವರು ಫಹಾಹೀಲ್, ಮಂಗಫ್ ಕಡೆ ಮನೆ ಮಾಡಿದ್ದಾರೆ. ಊರಿಂದ ಬರುವ ಸೂಟ್‌ಕೇಸಿನಲ್ಲಿ ಅಂಗಡಿಯ ಅಚ್ಚಿನ ಪೊಟ್ಟಣಕ್ಕೆ ಜಾಗವಾಗುತ್ತದೆ, ಮರದ ಅಚ್ಚು ಉಳಿದುಹೋಗುತ್ತದೆ. ಸಿಲಿಕೋನ್ ಅಚ್ಚಿನಲ್ಲಿ ಮಾಡಿದರೂ ನನ್ನ ತಕರಾರಿಲ್ಲ, ಗಿಳಿಯ ಬದಲು ಮಗುವಿನ ಹೆಸರಿನ ಅಕ್ಷರವೇ ಮೂಡಲಿ. ಅದೂ ಕನ್ನಡ ಅಕ್ಷರವಾದರೆ ನಮ್ಮ ಶಾಲೆಗೂ ಸಂತೋಷ. ಆದರೆ ಪಾಕ ಬೆಳ್ಳಗಾಗುವ ಆ ಗಳಿಗೆ ಯಾವ ಅಚ್ಚಿನಲ್ಲೂ ಇಲ್ಲ. ಅದು ಅಜ್ಜಿಯ ಕಣ್ಣಲ್ಲಿದೆ. ಈ ಸಲ ವಿಡಿಯೋ ಕರೆಯಲ್ಲಿ ಅಜ್ಜಿಯ ಮುಖದ ಬದಲು ಅವರ ಪಾತ್ರೆಯನ್ನೊಮ್ಮೆ ತೋರಿಸಲು ಹೇಳಿ.

ಇಲ್ಲಿನ ಮಕ್ಕಳಿಗೂ ಇಂಥದ್ದೊಂದು ಹಬ್ಬವಿದೆ. ರಂಜಾನ್ ತಿಂಗಳ ನಡುವಿನ ಮೂರು ರಾತ್ರಿ, ಗರ್ಗೀಆನ್. ಮಕ್ಕಳು ಚೀಲ ಹಿಡಿದು ಮನೆಮನೆಗೆ ಹೋಗಿ ಹಾಡಿ ಮಿಠಾಯಿ, ಬೀಜಗಳನ್ನು ಪಡೆಯುತ್ತಾರೆ. ಈಗೀಗ ಆ ಡಬ್ಬಿಗಳ ಮೇಲೂ ಮಕ್ಕಳ ಹೆಸರು ಅಚ್ಚಾಗುತ್ತಿದೆ.

ನಮ್ಮಲ್ಲೂ ಹೆಸರು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಎಳ್ಳು ಬೀರಲು ಒಯ್ಯುವ ಸ್ಟೀಲ್ ತಟ್ಟೆಯನ್ನು ತಿರುಗಿಸಿ ನೋಡಿ. ಪಾತ್ರೆ ಅಂಗಡಿಯವರು ಚುಕ್ಕಿ ಚುಕ್ಕಿಯಾಗಿ ಕೊರೆದ ಅಜ್ಜಿಯದೋ ಅಮ್ಮನದೋ ಹೆಸರು ಅಲ್ಲಿರಬಹುದು, ತಟ್ಟೆ ತಪ್ಪದೆ ಮನೆಗೆ ವಾಪಸು ಬರಲೆಂದು.