ಟನ್ನಿನ ಲೆಕ್ಕಕ್ಕೆ ಸಿಗದ ಮಂಗಳೂರು

12ನೇ ಶತಮಾನದಲ್ಲೇ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿ ಏಡನ್‌ಗೆ ಮೆಣಸು ಕಳಿಸುತ್ತಿದ್ದ. ಅಂದಿನಿಂದಲೂ ಬಂದರಿನ ಏಳಿಗೆಗೆ ಸರಕೇ ಅಳತೆಗೋಲು.

1865ರಲ್ಲಿ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ ಇಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನದಿಬಯಲಿನ ಜೇಡಿಮಣ್ಣನ್ನು ಹದಮಾಡಿ, ಅಚ್ಚಿನಲ್ಲಿ ಒತ್ತಿ, ಒಣಗಿಸಿ, ಸೌದೆಯ ಗೂಡಿನಲ್ಲಿ ಸುಟ್ಟ ಕೆಂಪು ಹೆಂಚು ಹಳೆ ಬಂದರಿನಿಂದ ದೂರದೂರಿಗೆ ಹೋಯಿತು. ಹೆಂಚಿನ ಎಣಿಕೆಯಿತ್ತು, ಉರಿದ ಕಾಡಿನ ಎಣಿಕೆ ಇರಲಿಲ್ಲ.

ಹಳೆ ಬಂದರಿನ ಅಳಿವೆಯ ಮರಳುದಿಬ್ಬ ದಾಟಿ ದೊಡ್ಡ ಹಡಗು ಒಳಬರುವಂತಿರಲಿಲ್ಲ. ಹಾಗಾಗಿ ಪಣಂಬೂರಿನಲ್ಲಿ ಹೊಸ ಬಂದರು ಎದ್ದು, 1975ರಲ್ಲಿ ಉದ್ಘಾಟನೆಯಾಯಿತು. ಅಲ್ಲಿಗೆ ಕುದುರೆಮುಖ ಗಣಿಯ ಕಬ್ಬಿಣದ ಅದಿರು ನೀರಿನೊಡನೆ ಬೆರೆತು ಸುಮಾರು 67 ಕಿ.ಮೀ. ಕೊಳವೆಯಲ್ಲಿ ಘಟ್ಟ ಇಳಿದು ಬಂತು. ಘಟ್ಟದ ಕಾಡು, ಭದ್ರಾ ನದಿಯ ಹೂಳು ಲೆಕ್ಕಕ್ಕೆ ಬಂದದ್ದು ತಡವಾಗಿ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು.

ಹಾಗಾಗಿ ಇನ್ನಾದರೂ ಬಂದರಿನ ವರದಿಯಲ್ಲಿ ಟನ್ನುಗಳ ಪಕ್ಕದಲ್ಲೇ ಅಳಿವೆಯ ನೀರಿನ ಗುಣ, ಕಡಲ್ಕೊರೆತ, ನಾಡದೋಣಿ ಮೀನುಗಾರರ ದುಡಿಮೆಯೂ ವರ್ಷವರ್ಷ ದಾಖಲಾಗಬೇಕು.