ಡೆಸ್ಕ್‌ಟಾಪ್ ಕಂಪ್ಯೂಟರಿನ ಕಾವು: ಫ್ಯಾನು ಬಂದ ಬಗೆ

ಕಂಪ್ಯೂಟರು ಎಳೆದುಕೊಂಡ ವಿದ್ಯುತ್ತು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿಯೇ ಹೊರಬೀಳುತ್ತದೆ. ನೂರು ವ್ಯಾಟ್ ತಿನ್ನುವ ಚಿಪ್ಪು ನೂರು ವ್ಯಾಟ್ ಕಾವನ್ನು ಹೊರಹಾಕಲೇಬೇಕು. ಮಾಡಿದ ಲೆಕ್ಕ ಎಷ್ಟೇ ಘನವಾದದ್ದಾದರೂ ಇದರಲ್ಲಿ ರಿಯಾಯಿತಿ ಇಲ್ಲ. ಹೀಗಾಗಿ ಕಾವಿನ ಕಾಟ ಎಲೆಕ್ಟ್ರಾನಿಕ್ ಗಣಕದಷ್ಟೇ ಹಳೆಯದು. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಟ್ಟಿ, 1946ರ ಫೆಬ್ರವರಿಯಲ್ಲಿ ಜನರ ಮುಂದಿಟ್ಟ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದು ಬಳಸುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವ್ಯಾಟ್. ದೊಡ್ಡ ಬ್ಲೋವರುಗಳು ಅದರ ಕಪಾಟುಗಳೊಳಗೆ ಗಾಳಿ ನೂಕುತ್ತಿದ್ದವು. ಒಳಗಿನ ಬಿಸಿ ನಿಗದಿತ ಮಟ್ಟ ಮೀರಿದರೆ ಥರ್ಮೋಸ್ಟಾಟುಗಳು ತಾವಾಗಿಯೇ ವಿದ್ಯುತ್ತು ಕಡಿಯುತ್ತಿದ್ದವು. ಬಿಸಿಯನ್ನು ಅಳೆ, ಮೀರಿದರೆ ನಿಲ್ಲಿಸು ಎಂಬ ಈ ಏರ್ಪಾಡು ಆ ಆರಂಭಕಾಲದ ಯಂತ್ರದಲ್ಲೇ ಇತ್ತು. ಮೇಜಿನ ಮೇಲಿನ ಕಂಪ್ಯೂಟರಿಗೆ ಅದು ಮತ್ತೆ ಬರಲು ಅರ್ಧ ಶತಮಾನ ಹಿಡಿಯಿತು.

ನಡುವಿನ ದಶಕಗಳಲ್ಲಿ ಕಾವು ದೊಡ್ಡ ಯಂತ್ರಗಳ ಚಿಂತೆಯಾಗಿತ್ತು. ಐಬಿಎಂ ತನ್ನ ದೊಡ್ಡ ಮೇನ್‌ಫ್ರೇಮುಗಳಿಗೆ ನೀರಿನ ಕೊಳಾಯಿ ಜೋಡಿಸಿತು. ಸೀಮೋರ್ ಕ್ರೇ 1976ರಲ್ಲಿ ಹೊರತಂದ ಕ್ರೇ-1, ಆಗಿನ ಫ್ರಿಜ್ಜುಗಳ ಒಳಗೆ ಹರಿಯುತ್ತಿದ್ದಂಥ ಫ್ರಿಯಾನ್ ದ್ರವದಿಂದ ತಣ್ಣಗಾಗುತ್ತಿತ್ತು. 1985ರ ಕ್ರೇ-2 ಯಂತ್ರದಲ್ಲಿ ಸರ್ಕ್ಯೂಟುಗಳನ್ನೇ ವಿದ್ಯುತ್ ಹರಿಯಗೊಡದ ದ್ರವದಲ್ಲಿ ಮುಳುಗಿಸಿದ್ದರು. ಭಾರತದಲ್ಲಿ ಆಗ ಕಂಪ್ಯೂಟರ್ ಕೋಣೆ ಎಂದರೆ ಏಸಿ ಕೋಣೆ ಎಂದೇ ಲೆಕ್ಕವಾಗಿತ್ತು. ಬಾಗಿಲ ಬಳಿ ಚಪ್ಪಲಿ ಬಿಡಿಸುವ ಪದ್ಧತಿ ಡೆಸ್ಕ್‌ಟಾಪುಗಳ ಕಾಲದಲ್ಲೂ ಎಷ್ಟೋ ಶಾಲೆ, ಕಚೇರಿಗಳಲ್ಲಿ ಮುಂದುವರಿಯಿತು. ಅದನ್ನು ಭಕ್ತಿ ಎಂದು ನಗುವವರಿದ್ದರು. ಧೂಳಿನ ವಿಷಯದಲ್ಲಿ ಅದು ತಕ್ಕ ಎಚ್ಚರಿಕೆಯೇ ಆಗಿತ್ತು.

ಮೈಕ್ರೋಪ್ರೊಸೆಸರ್ ಬಂದಾಗ ಈ ಚಿಂತೆ ಮುಗಿಯಿತು ಎನ್ನಿಸಿದ್ದು ಸಹಜ. 1981ರ ಐಬಿಎಂ ಪಿಸಿಯಲ್ಲಿದ್ದ ಇಂಟೆಲ್ 8088 ಚಿಪ್ಪು ಒಂದೆರಡು ವ್ಯಾಟಿನಲ್ಲಿ ಕೆಲಸ ಮುಗಿಸುತ್ತಿತ್ತು. ಅದರ ಮೇಲೆ ಕಾವನ್ನು ಗಾಳಿಗೆ ಹರಡುವ ಲೋಹದ ರೆಕ್ಕೆಗಳ ಹೀಟ್‌ಸಿಂಕ್ ಸಹ ಇರಲಿಲ್ಲ. ಆ ಪೆಟ್ಟಿಗೆಯ ಫ್ಯಾನು ಇದ್ದದ್ದು 63.5 ವ್ಯಾಟಿನ ಪವರ್ ಸಪ್ಲೈ ಒಳಗೆ. ಅದೇ ಇಡೀ ಪೆಟ್ಟಿಗೆಯ ಗಾಳಿಯನ್ನೂ ಹೊರಗೆಳೆಯುತ್ತಿತ್ತು.

ಆ್ಯಪಲ್ ಕಂಪನಿ ಅದಕ್ಕೂ ಮೊದಲೇ ಅಷ್ಟೂ ಬೇಡವೆಂದಿತ್ತು. ಸ್ಟೀವ್ ಜಾಬ್ಸ್‌ಗೆ ಫ್ಯಾನಿನ ಸದ್ದು ಆಗುತ್ತಿರಲಿಲ್ಲ. 1977ರ ಆ್ಯಪಲ್ 2 ಯಂತ್ರಕ್ಕೆ ರಾಡ್ ಹೋಲ್ಟ್ ರೂಪಿಸಿದ ಸ್ವಿಚಿಂಗ್ ಪವರ್ ಸಪ್ಲೈ ಹಳೆಯ ಬಗೆಯವುಗಳಿಗಿಂತ ಹಗುರವಾಗಿತ್ತು, ಹೊರಹಾಕುವ ಬಿಸಿಯೂ ಕಡಿಮೆಯಿದ್ದು ಫ್ಯಾನಿಲ್ಲದೆ ನಡೆಯಿತು. ಇಂದು ಕಂಪ್ಯೂಟರ್ ಅಂಗಡಿಗಳಲ್ಲಿ ‘ಎಸ್‌ಎಂಪಿಎಸ್’ ಎಂದು ಕೇಳಿ ಕೊಳ್ಳುವ ಡಬ್ಬಿಯೂ ಇದೇ ಜಾತಿಯದು. ಆದರೆ 1980ರ ಆ್ಯಪಲ್ 3ಕ್ಕೆ ಈ ಹಟ ದುಬಾರಿಯಾಯಿತು. ಫ್ಯಾನೂ ಗಾಳಿಕಿಂಡಿಯೂ ಇಲ್ಲದ, ದಪ್ಪ ಅಲ್ಯುಮಿನಿಯಂ ತಳವೇ ಕಾವನ್ನು ಹೊರಚೆಲ್ಲಬೇಕಾದ ಯಂತ್ರ ಅದು. ಚಿಪ್ಪುಗಳು ಸಾಕೆಟ್ಟಿನಿಂದ ಸಡಿಲಗೊಂಡು ಯಂತ್ರ ಕೆಡುತ್ತಿತ್ತು. ಯಂತ್ರವನ್ನು ಎರಡು ಮೂರು ಅಂಗುಲ ಎತ್ತಿ ಮೇಜಿನ ಮೇಲೆ ಕುಕ್ಕಿದರೆ ಚಿಪ್ಪುಗಳು ಮತ್ತೆ ಕೂರುತ್ತವೆ ಎಂಬ ರಿಪೇರಿ ಸಲಹೆ ಆಗ ಹೆಸರಾಯಿತು. ಸಾವಿರಾರು ಯಂತ್ರಗಳನ್ನು ಕಂಪನಿ ಬದಲಿಸಿಕೊಡಬೇಕಾಯಿತು. ದೋಷ ನಿಜಕ್ಕೂ ಬಿಸಿಯದೋ, ಸಾಕೆಟ್ಟು ಮತ್ತು ಬೋರ್ಡಿನದೋ ಎಂಬ ವಾದ ಅದನ್ನು ಕಟ್ಟಿದವರ ನಡುವೆಯೇ ಇದೆ. ಬಿಸಿಗೆ ಸಂಬಂಧಿಸಿದ ರಿಪೇರಿಯಲ್ಲಿ ಈ ಗೊಂದಲ ಮುಂದೆಯೂ ತಪ್ಪಲಿಲ್ಲ: ಬಿಸಿಯಾದ ಯಂತ್ರ ತೋರುವ ಲಕ್ಷಣಗಳನ್ನೇ ಕೆಟ್ಟ ಮೆಮೊರಿ, ಉಬ್ಬಿದ ಕೆಪಾಸಿಟರ್, ಸೊರಗಿದ ಎಸ್‌ಎಂಪಿಎಸ್ ಕೂಡ ತೋರುತ್ತವೆ.

ಪ್ರೊಸೆಸರಿನ ತಲೆಯ ಮೇಲೆ ಫ್ಯಾನು ಕೂತದ್ದು 1990ರ ದಶಕದಲ್ಲಿ. 486 ಸರಣಿಯ ವೇಗದ ಮಾದರಿಗಳಿಗೆ ಹೀಟ್‌ಸಿಂಕ್, ಮೇಲೊಂದು ಪುಟ್ಟ ಫ್ಯಾನು ಬಂದವು. 1993ರಲ್ಲಿ 66 ಮೆಗಾಹರ್ಟ್ಸ್ ವೇಗದ ಪೆಂಟಿಯಂ ಸುಮಾರು 16 ವ್ಯಾಟ್ ಉಗುಳತೊಡಗಿದಾಗ ಅದು ಅನಿವಾರ್ಯವೇ ಆಯಿತು. ಈ ಫ್ಯಾನು ಬ್ರಷ್ ಇಲ್ಲದ, 12 ವೋಲ್ಟಿನ ಡಿಸಿ ಮೋಟಾರು. ರೆಕ್ಕೆಗಳ ನಡುವಿನ ಗುಬಟಿನಲ್ಲಿ ಅಯಸ್ಕಾಂತದ ಉಂಗುರ, ಒಳಗೆ ಸುರುಳಿಗಳು, ಅಯಸ್ಕಾಂತದ ಯಾವ ಧ್ರುವ ಎದುರಿಗಿದೆ ಎಂದು ತಿಳಿಯುವ ಹಾಲ್ ಸೆನ್ಸರ್. ಸವೆಯುವ ಬ್ರಷ್ ಇಲ್ಲವಾದ್ದರಿಂದ ಮೊದಲು ಕೆಡುವುದು ಬೇರಿಂಗು. ಅಗ್ಗದ ಫ್ಯಾನುಗಳಲ್ಲಿ ಬಾಲ್ ಬೇರಿಂಗ್ ಬದಲು ಎಣ್ಣೆ ಹೀರಿದ ಲೋಹದ ಬುಶ್ ಇರುತ್ತದೆ. ಎಣ್ಣೆ ಒಣಗಿದಂತೆ ಫ್ಯಾನು ಮೊದಲು ಕಿರುಗುಟ್ಟುತ್ತದೆ, ಆಮೇಲೆ ಬೆಳಗಿನ ತಂಪಿನಲ್ಲಿ ತಿರುಗಲು ತಡವರಿಸುತ್ತದೆ, ಕೊನೆಗೆ ನಿಲ್ಲುತ್ತದೆ. ನಡುವಿನ ಸ್ಟಿಕ್ಕರ್ ಎಬ್ಬಿಸಿ ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಬಿಡುವುದು ಆ ಕಾಲದ ರಿಪೇರಿ. ಕೆಲವು ತಿಂಗಳು ಅದು ಬಾಳುತ್ತಿತ್ತು, ಅಷ್ಟೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಮಾರುಕಟ್ಟೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ‘ಅಸೆಂಬಲ್ಡ್’ ಯಂತ್ರಗಳ ಕಾಲದಲ್ಲಿ ಹೊಸ ಫ್ಯಾನು ಸುಲಭವಾಗಿ ಸಿಗುತ್ತಿತ್ತು. ಎಣ್ಣೆಗಿಂತ ಅದೇ ಸರಿಯಾದ ದಾರಿ.

1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಮಾನಕ ಪೆಟ್ಟಿಗೆಯೊಳಗಿನ ಗಾಳಿಯ ದಾರಿಯನ್ನೂ ವಿಚಾರಕ್ಕೆ ತಂದಿತು. ಅದರ ಮೊದಲ ರೂಪದಲ್ಲಿ ಪವರ್ ಸಪ್ಲೈ ಫ್ಯಾನು ಹೊರಗಾಳಿಯನ್ನು ಒಳಗೆಳೆದು ಪ್ರೊಸೆಸರಿನ ಮೇಲೆ ಊದಬೇಕಿತ್ತು. ಆ ಗಾಳಿ ಸಪ್ಲೈನ ಕಾವನ್ನೇ ಹೊತ್ತು ತರುತ್ತಿತ್ತು. ಒಳನುಗ್ಗುವ ಧೂಳು ಬೇರೆ. ಬೇಗನೆ ದಿಕ್ಕು ತಿರುಗಿತು: ಮುಂದಿನಿಂದ ತಣ್ಣಗಾಳಿ ಒಳಗೆ, ಹಿಂದಿನಿಂದ ಬಿಸಿಗಾಳಿ ಹೊರಗೆ. ಇದೇ ದಶಕದಲ್ಲಿ ಮದರ್‌ಬೋರ್ಡುಗಳ ಮೇಲೆ ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ78ರಂಥ ಕಾವಲು ಚಿಪ್ಪುಗಳು ಬಂದವು. ಫ್ಯಾನಿನ ಮೂರನೆಯ ತಂತಿ ಪ್ರತಿ ಸುತ್ತಿಗೆ ಎರಡು ಮಿಡಿತ ಕಳಿಸುತ್ತದೆ. ಅದನ್ನು ಎಣಿಸಿ ಬಯಾಸ್ ಪರದೆಯ ಮೇಲೆ ವೇಗ ತೋರಿಸುವುದು ಸಾಧ್ಯವಾಯಿತು. ಅಲ್ಲಿಯವರೆಗೆ ಹೀಟ್‌ಸಿಂಕಿನ ಮೇಲೆ ಬೆರಳಿಟ್ಟು ನೋಡುವುದೇ ಪರೀಕ್ಷೆಯಾಗಿತ್ತು.

ಬೆರಳಿನ ಕಾಲ ಮುಗಿದದ್ದು 2001ರಲ್ಲಿ ಎನ್ನಬಹುದು. ಆ ವರ್ಷ ಟಾಮ್ಸ್ ಹಾರ್ಡ್‌ವೇರ್ ಎಂಬ ತಾಂತ್ರಿಕ ಜಾಲತಾಣ, ಚಾಲನೆಯಲ್ಲಿದ್ದ ಕಂಪ್ಯೂಟರುಗಳಿಂದ ಹೀಟ್‌ಸಿಂಕ್ ಕಿತ್ತು ಚಿತ್ರೀಕರಿಸಿತು. ಎಎಂಡಿ ಅಥ್ಲಾನ್ ಕ್ಷಣಗಳಲ್ಲಿ ಹೊಗೆಯಾಡಿ ಸುಟ್ಟುಹೋಯಿತು. ಇಂಟೆಲ್ ಪೆಂಟಿಯಂ 4 ಮಾತ್ರ ತೆವಳುತ್ತಲೇ ಓಡುತ್ತಿತ್ತು. ಅದರೊಳಗಿನ ಸೆನ್ಸರ್, ಬಿಸಿ ಮಿತಿ ಮುಟ್ಟಿದೊಡನೆ ಗಡಿಯಾರದ ಮಿಡಿತಗಳನ್ನು ಬಿಟ್ಟುಬಿಟ್ಟು ಕೊಡುತ್ತಿತ್ತು. ಚಿಪ್ಪು ಉಳಿಯಿತು, ಆದರೆ ರಿಪೇರಿಯವನ ಕೆಲಸ ಕಷ್ಟವಾಯಿತು. ಮೊದಲೆಲ್ಲ ಬಿಸಿಯಾದ ಯಂತ್ರ ಹ್ಯಾಂಗ್ ಆಗುತ್ತಿತ್ತು, ಇಲ್ಲವೇ ಆಫ್ ಆಗುತ್ತಿತ್ತು. ಈಗ ಅದು ಬರೀ ನಿಧಾನವಾಗುತ್ತದೆ. ವೈರಸ್ ಇರಬೇಕೆಂದು ವಿಂಡೋಸ್ ಮತ್ತೆ ಹಾಕಿಸಿಕೊಂಡವರು ಆ ದಶಕದಲ್ಲಿ ಕಡಿಮೆಯಿರಲಾರರು.

2004ರ ಫೆಬ್ರವರಿಯಲ್ಲಿ ಬಂದ ಪ್ರೆಸ್ಕಾಟ್ ಪೆಂಟಿಯಂ 4 ಕಾವನ್ನು ಇನ್ನೂ ಏರಿಸಿತು. ಅದರ ಮೇಲ್ಮಟ್ಟದ ಮಾದರಿಗಳು 115 ವ್ಯಾಟ್ ಮುಟ್ಟಿದವು. ಟ್ರಾನ್ಸಿಸ್ಟರ್ ಕಿರಿದಾದಷ್ಟೂ ಅದರ ವಿದ್ಯುತ್ ಬಳಕೆಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ ಎಂದು 1974ರಲ್ಲಿ ರಾಬರ್ಟ್ ಡೆನ್ನಾರ್ಡ್ ಮತ್ತು ಸಂಗಡಿಗರು ತೋರಿಸಿದ್ದ ಸೂತ್ರ ಇಲ್ಲಿ ಕೈಕೊಟ್ಟಿತ್ತು. ಸೋರಿಹೋಗುವ ವಿದ್ಯುತ್ತೇ ಬಹಳವಾಗಿತ್ತು. ಅದೇ ವರ್ಷ ಇಂಟೆಲ್ ಮುಂದಿನ ಟೇಜಾಸ್ ಪ್ರೊಸೆಸರಿನ ಯೋಜನೆಯನ್ನೂ 4 ಗಿಗಾಹರ್ಟ್ಸ್ ಪೆಂಟಿಯಂ 4 ಅನ್ನೂ ಕೈಬಿಟ್ಟಿತು. 2006ರ ಕೋರ್ 2 ಡ್ಯುಯೊ 65 ವ್ಯಾಟಿಗೆ ಇಳಿದು ಬಂತು. ರಿಪೇರಿಯ ಲೋಕಕ್ಕೆ ಆ ಕಾಲ ಬಿಟ್ಟುಹೋದ ಬಳುವಳಿ ಎರಡು. ಒಂದು, ಮದರ್‌ಬೋರ್ಡು ವೇಗವನ್ನು ಹೆಚ್ಚುಕಡಿಮೆ ಮಾಡಬಲ್ಲ ನಾಲ್ಕು ಪಿನ್ನಿನ ಫ್ಯಾನು. ಇನ್ನೊಂದು, ಎಲ್‌ಜಿಎ 775 ಸಾಕೆಟ್ಟಿನ ಜೊತೆ ಬಂದ, ಹೀಟ್‌ಸಿಂಕನ್ನು ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳು. ಒತ್ತಿದಾಗ ನಾಲ್ಕೂ ಕೂತಂತೆ ಕಾಣುತ್ತವೆ. ಒಂದು ಸರಿಯಾಗಿ ಕಚ್ಚಿರದಿದ್ದರೆ ಹೀಟ್‌ಸಿಂಕ್ ಒಂದು ಮೂಲೆಯಲ್ಲಿ ಎದ್ದು, ಫ್ಯಾನು ಪೂರ್ತಿ ವೇಗದಲ್ಲಿ ಅಬ್ಬರಿಸಿದರೂ ಚಿಪ್ಪು ಕುದಿಯುತ್ತದೆ. ಅಗ್ಗದ ಈ ಪಿನ್ನಿನಷ್ಟು ತಂತ್ರಜ್ಞರನ್ನು ಸತಾಯಿಸಿದ ವಸ್ತು ಇನ್ನೊಂದಿಲ್ಲ.

ಇದೇ ವರ್ಷಗಳಲ್ಲಿ ಫ್ಯಾನುಗಳು ದೊಡ್ಡವಾದವು. 120 ಮಿಲಿಮೀಟರ್ ಫ್ಯಾನು ನಿಧಾನ ತಿರುಗಿಯೂ ಚಿಕ್ಕದರಷ್ಟೇ ಗಾಳಿ ತಳ್ಳುವುದರಿಂದ ಸದ್ದು ಕಡಿಮೆ. 1963ರಲ್ಲಿ ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಬಳಕೆಗೆ ತಂದ ಹೀಟ್ ಪೈಪ್ ಹೀಟ್‌ಸಿಂಕುಗಳಿಗೆ ಇಳಿಯಿತು: ಮುಚ್ಚಿದ ತಾಮ್ರದ ನಳಿಕೆಯೊಳಗಿನ ತುಸು ದ್ರವ ಚಿಪ್ಪಿನ ಬಳಿ ಆವಿಯಾಗಿ, ರೆಕ್ಕೆಗಳ ಬಳಿ ತಣಿದು ಮರಳುತ್ತದೆ. 2009ರ ಕೋರ್ಸೇರ್ ಎಚ್50ರಂಥ ಸೀಲು ಮಾಡಿದ ದ್ರವ ಕೂಲರುಗಳು ಒಂದು ಹೊಸ ದೋಷವನ್ನೂ ತಂದವು. ಫ್ಯಾನು ತಿರುಗುತ್ತಿರುತ್ತದೆ, ಒಳಗಿನ ಪಂಪು ಸತ್ತಿರುತ್ತದೆ.

ಈ ಚರಿತ್ರೆಯ ಪದರಗಳೆಲ್ಲ ಇಂದಿನ ರಿಪೇರಿಯ ಕ್ರಮದಲ್ಲಿವೆ. ಮೊದಲು ಬ್ಲೋವರಿನಿಂದ ಧೂಳು ಹಾರಿಸುವುದು. ಗಾಳಿಗೆ ಫ್ಯಾನು ಅತಿವೇಗದಲ್ಲಿ ತಿರುಗಿ ಕೆಡದಂತೆ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕಂಬಳಿಯಂತೆ ಕಟ್ಟಿದ ಧೂಳು ಫ್ಯಾನನ್ನು ಬಿಚ್ಚದೆ ಕಾಣುವುದಿಲ್ಲ. ಆಮೇಲೆ ಫ್ಯಾನುಗಳ ದಿಕ್ಕು, ಸುತ್ತು. ಆಮೇಲೆ ಹೀಟ್‌ಸಿಂಕಿನ ಹಿಡಿತ. ಅದನ್ನು ಎಬ್ಬಿಸಿದರೆ ಒಣಗಿದ ಥರ್ಮಲ್ ಪೇಸ್ಟನ್ನು ಒರೆಸಿ ಹೊಸದು ಹಚ್ಚಲೇಬೇಕು. ಪೇಸ್ಟಿನ ಕೆಲಸ ಎರಡು ಲೋಹದ ಮೈಗಳ ನಡುವಿನ ಗಾಳಿಯನ್ನು ಹೊರದಬ್ಬುವುದಷ್ಟೇ ಆದ್ದರಿಂದ ದಪ್ಪಗೆ ಮೆತ್ತಿದರೆ ಲಾಭವಿಲ್ಲ. ಡಿಗ್ರಿಯ ಅಂಕಿಯೊಂದನ್ನೇ ನೋಡಿ ದೋಷ ಹೇಳುವುದು ಮಾತ್ರ ಈಗ ನಡೆಯದು. 2022ರ ರೈಜನ್ 7000 ಸರಣಿಯ ಪ್ರೊಸೆಸರುಗಳು ಭಾರಿ ಕೆಲಸದಲ್ಲಿ 95 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದು ಸಹಜವೆಂದು, ಅವನ್ನು ಹಾಗೆಯೇ ರೂಪಿಸಲಾಗಿದೆಯೆಂದು ಎಎಂಡಿಯೇ ಹೇಳಿತು. ಅಂಥ ಯಂತ್ರದಲ್ಲಿ ನೋಡಬೇಕಾದದ್ದು ಆ ಬಿಸಿಯಲ್ಲಿ ಚಿಪ್ಪು ಎಷ್ಟು ಗಿಗಾಹರ್ಟ್ಸ್ ಕಾಯ್ದುಕೊಂಡಿದೆ ಎಂಬುದನ್ನು.