ಎಳೆಯದ ಗಾಡಿ

ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ದಾರಿಯ ಇತಿಹಾಸವನ್ನು ಅಶೋಕನಿಂದ ಆರಂಭಿಸುವುದು ವಾಡಿಕೆ. ೧೯೧೫ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯಲ್ಲಿ ಕಂಡ ಶಾಸನವೇ 'ದೇವಾನಾಂಪ್ರಿಯ'ನೆಂದರೆ ಅಶೋಕನೆಂದು ತಿಳಿಸಿತಷ್ಟೆ. ಆದರೆ ಈ ದಾರಿಯಲ್ಲಿ ಭತ್ತದ ಮೂಟೆ, ಹಾಲಿನ ಕ್ಯಾನು, ಸೀರೆಯ ಗಂಟು ಹೊತ್ತು ಬದುಕು ನಡೆಸಿಕೊಟ್ಟ ಮೊಪೆಡ್ಡಿಗೂ ಒಂದು ಇತಿಹಾಸವುಂಟು. ಅದನ್ನು ಬಲ್ಲವರು ಗ್ಯಾರೇಜಿನವರು, ಬರೆದಿಟ್ಟವರಿಲ್ಲ.

ಮೋಟಾರು, ಪೆಡಲು ಎಂಬೆರಡು ಮಾತು ಕೂಡಿ ಸ್ವೀಡನ್ನಿನಲ್ಲಿ ೧೯೫೨ರಲ್ಲಿ 'ಮೊಪೆಡ್' ಹುಟ್ಟಿತು. ೧೯೬೦ರ ದಶಕದಲ್ಲಿ ತಿರುಪತಿಯ ಸುವೇಗ, ೧೯೭೨ರಲ್ಲಿ ಪುಣೆಯ ಲೂನಾ, ೧೯೮೦ರಲ್ಲಿ ನಮ್ಮ ಗಡಿಗೆ ಅಂಟಿದ ಹೊಸೂರಿನ ಟಿ.ವಿ.ಎಸ್. ೫೦ ಬಂದವು. ಇಬ್ಬರನ್ನು ಕೂರಿಸಿಕೊಳ್ಳುವಂತೆ ಮಾಡಿದ್ದು ಈ ಕೊನೆಯದು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಭತ್ತದ ನಾಡಾದ ಸಿಂಧನೂರಿಗೆ ಅದು ಹೇಳಿ ಮಾಡಿಸಿದಂತಿತ್ತು. ಇಬ್ಬರಿಗಾಗಿ ಮಾಡಿದ್ದರ ಮೇಲೆ ನಾವು ಹೇರಿದ್ದೆಷ್ಟೆಂಬುದು ಬೇರೆ ಮಾತು.

"ಅಣ್ಣಾ, ಗಾಡಿ ಎಳೀವಲ್ದು ನೋಡ್ರಿ" ಎಂಬ ದೂರಿಗೆ ಆ ಕಾಲದ ಮೇಸ್ತ್ರಿಯ ಮೊದಲ ಪ್ರಶ್ನೆ, "ದಿನಾ ಸೊರಗಿತೋ, ಒಮ್ಮಿಂದೊಮ್ಮೆ ನಿಂತಿತೋ?" ಎಂಬುದು. ಅರ್ಧ ಪರೀಕ್ಷೆ ಅಲ್ಲಿಯೇ ಮುಗಿಯುತ್ತಿತ್ತು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲೇ ಅದಕ್ಕೆ ಜಿಡ್ಡು. ಆ ಆಯಿಲು ಪೂರ್ತಿ ಉರಿಯದೆ ಹೊಗೆಯ ಕಿಂಡಿಯಲ್ಲಿಯೂ ಸೈಲೆನ್ಸರಿನಲ್ಲಿಯೂ ಮಸಿಗಟ್ಟುತ್ತದೆ. ಹಳೆಯ ಹೊಗೆ ಹೊರಡದೆ ಹೊಸದು ಒಳಗೆ ಬರುವುದೆಂತು? ದಿನದಿನಕ್ಕೆ ಸೊರಗಿದ ಗಾಡಿಯ ಸೈಲೆನ್ಸರನ್ನು ಬಿಚ್ಚಿ ಬೆಂಕಿಗಿಟ್ಟು, ಮಸಿ ಸುಟ್ಟು ಬಡಿದು ಉದುರಿಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಮ್ಮೆಗೇ ಬಲಗುಂದಿದರೆ ವಿಚಾರವೇ ಬೇರೆ. ಎಂಜಿನ್ ಅರಚಿಯೂ ಗಾಲಿ ಎಳೆಯದಿದ್ದರೆ ಕ್ಲಚ್ಚು ಜಾರುತ್ತಿದೆ. ಒಂದಷ್ಟು ದೂರ ಓಡಿ ನಿಂತು, ಟ್ಯಾಂಕಿನ ಮುಚ್ಚಳ ಸಡಿಲಿಸಿದೊಡನೆ ಚೇತರಿಸಿಕೊಂಡರೆ ಮುಚ್ಚಳದ ಗಾಳಿತೂತು ಕಟ್ಟಿದೆ, ಸೂಜಿಯೊಂದೇ ಮದ್ದು. ಹಾಗಲ್ಲದಿದ್ದರೆ ಪ್ಲಗ್ಗು ಬಿಚ್ಚಿ ಬಣ್ಣ ನೋಡಬೇಕು. ಕಪ್ಪಗೆ ಒದ್ದೆಯಾಗಿದ್ದರೆ ಆಯಿಲು ಹೆಚ್ಚು, ಇಲ್ಲವೆ ಕಿಡಿ ಸಾಲದು. ಬೆಳ್ಳಗೆ ಬೆಂದಿದ್ದರೆ ಕಾರ್ಬ್ಯುರೇಟರಿನಲ್ಲಿ ಕಸ ಸಿಕ್ಕಿ ಪೆಟ್ರೋಲು ಸಾಲದು, ಅಥವಾ ಎಲ್ಲಿಯೋ ಗಾಳಿ ಸೋರುತ್ತಿದೆ.

ಈ ಬಿಳುಪಿಗೇ ಹೆದರಬೇಕು. ರಾಯಚೂರು ಸೀಮೆಯ ಬಿಸಿಲಿನಲ್ಲಿ ಮೂಟೆ ಹೊತ್ತು ಓಡುವಾಗ ಸದ್ದು ಬಿಗಿದು ವೇಗ ಕುಸಿಯಿತೆಂದರೆ, ಪಿಸ್ಟನ್ ಕಾದು ಉಬ್ಬಿ ಸಿಲಿಂಡರನ್ನು ಕಚ್ಚುತ್ತಿದೆಯೆಂದು ತಿಳಿದು ಒಡನೆಯೇ ನಿಲ್ಲಿಸಿ ಆರಲು ಬಿಡಬೇಕು. ಸಂತೆಗೆ ಹೊತ್ತಾಯಿತೆಂದು ತಿರುವಿದವನ ತಿಂಗಳ ಗಳಿಕೆ ಸಿಲಿಂಡರ್ ಕೊರೆಸುವುದಕ್ಕೇ ಸರಿಹೋಗುತ್ತಿತ್ತು. ಮನೆಗೆ ಅಕ್ಕಿ ತರುವವನಿಗೆ ಗಾಡಿಯೂ ಕಾಲೂ ಒಂದೇ.

೨೦೧೫ರಲ್ಲಿ ನಾಲ್ಕು ಸ್ಟ್ರೋಕಿನ ಎಕ್ಸ್.ಎಲ್. ೧೦೦ ಬಂದ ಮೇಲೆ ಪೆಟ್ರೋಲಿಗೆ ಆಯಿಲು ಬೆರೆಸುವ ಗೊಡವೆ ತಪ್ಪಿತು. ಸೈಲೆನ್ಸರ್ ಸುಡುವ ಬೆಂಕಿಯೂ ಆರಿತು. ೨೦೨೦ರ ಹೊಗೆ ನಿಯಮಗಳ ತರುವಾಯ ಕಾರ್ಬ್ಯುರೇಟರೂ ಹೋಗಿ, ದೋಷವಿದೆಯೆಂದು ದೀಪವೇ ಹೇಳತೊಡಗಿತು. ಹೊಗೆ ತಗ್ಗಿದ್ದು ಒಳ್ಳೆಯದೇ. ಹಳೆಯ ವಿದ್ಯೆ ಮಾತ್ರ ಹಳೆಯ ಮೇಸ್ತ್ರಿಗಳೊಡನೆ ಮರೆಯಾಗುತ್ತಿದೆ. ಶಾಸನದ ಸವೆದ ಅಕ್ಷರ ಓದುವವರಿಗೆ ನಮ್ಮಲ್ಲಿ ಪೀಠಗಳುಂಟು. ಪ್ಲಗ್ಗಿನ ಬಣ್ಣ ಓದಿದವರ ಮಾತನ್ನು ಬರೆದುಕೊಳ್ಳಲು ಒಂದು ನೋಟುಬುಕ್ಕು ಸಾಕು. ಅವರಲ್ಲಿ ಹಲವರು ಇನ್ನೂ ಅಂಗಡಿ ತೆರೆಯುತ್ತಾರೆ.